ಬರಿದಾಗಿರಲೆಂದು ಕಟ್ಟಿದ ಕೆರೆ

ಕೆರೆಯೆಂದರೆ ತುಂಬಬೇಕು. ತುಂಬದ ಕೆರೆಯನ್ನು ಕಂಡು ಹಿಗ್ಗಿದ ಊರು ನಮ್ಮ ನಾಡಿನಲ್ಲಿ ಎಲ್ಲಿಯೂ ಇರಲಾರದು. ಮಳೆಗಳು ಕ್ರಮವಾಗಿ ಬಂದು, ಕೆರೆ ತುಂಬಿ, ಕೋಡಿ ಹರಿಯಿತೆಂದರೆ ಊರಿಗೆ ಊರೇ ಏರಿಯ ಮೇಲೆ ನೆರೆಯುವುದು. ಗಂಗೆಗೆ ಪೂಜೆ ಸಲ್ಲುವುದು. ಮುತ್ತೈದೆಯರು ಬಾಗಿನ ಅರ್ಪಿಸುವರು. ಇಂಥ ನಾಡಿನವರಾದ ನಮಗೆ, ಬಹುಪಾಲು ಬರಿದಾಗಿರಲೆಂದೇ ಕಟ್ಟಿದ ಕೆರೆಗಳು ಉಂಟೆಂದೂ, ಅವುಗಳಲ್ಲಿ ನೀರು ಏರಿದರೆ ಆದಷ್ಟು ಬೇಗನೆ ಇಳಿದುಹೋಗಲೆಂದು ಹಾರೈಸುವರೆಂದೂ, ಅವುಗಳ ಕೋಡಿ ಹರಿಯುವುದು ಹಬ್ಬವಲ್ಲ, ಎಚ್ಚರಿಕೆಯ ಗಂಟೆಯೆಂದೂ ಹೇಳಿದರೆ ವಿಚಿತ್ರವಾಗಿ ತೋರಬಹುದು.

ಆದರೂ ಇಂಥ ಕಟ್ಟೆಗಳು ಇವೆ, ಒಂದೆರಡಲ್ಲ, ಸಾವಿರಗಟ್ಟಲೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರದ ಸಹಾಯದಿಂದ ಹಳ್ಳಿಗಾಡಿನ ಹಳ್ಳತೊರೆಗಳಿಗೆ ಅಡ್ಡಲಾಗಿ ಕಟ್ಟಿರುವ ಇಂಥ ಸಣ್ಣ ಕಟ್ಟೆಗಳು ೧೧,೦೦೦ಕ್ಕೂ ಮೇಲ್ಪಟ್ಟಿವೆ. ಅವುಗಳಲ್ಲಿ ೨,೧೦೦ಕ್ಕೂ ಹೆಚ್ಚು ಕಟ್ಟೆಗಳು ಓಕ್ಲಹೋಮ ಎಂಬ ಒಂದೇ ಸಂಸ್ಥಾನದಲ್ಲಿ ಇವೆ. ಇವು ಬಹುಮಟ್ಟಿಗೆ ಮಣ್ಣಿನವು. ಇವುಗಳಿಂದ ಗದ್ದೆಗೆ ನೀರು ಹಾಯಿಸುವುದು ಮುಖ್ಯವಾದ ಉದ್ದೇಶವಲ್ಲ. ವಿದ್ಯುಚ್ಛಕ್ತಿಯನ್ನು ಪಡೆಯುವುದೂ ಅಲ್ಲ. ಮಳೆಯ ನೀರು ಒಮ್ಮೆಲೇ ನುಗ್ಗಿ ಕೆಳಗಿನ ಹೊಲಗಳನ್ನೂ ಮನೆಗಳನ್ನೂ ಕೊಚ್ಚಿಕೊಂಡು ಹೋಗದಂತೆ, ಅದನ್ನು ಕೆಲವು ದಿನಗಳ ಕಾಲ ಹಿಡಿದಿಟ್ಟು ಮೆಲ್ಲಗೆ ಬಿಡುವುದೇ ಇವುಗಳ ಕೆಲಸ. ಇಂಥ ಕಟ್ಟೆ ಏಕೆ ಹುಟ್ಟಿತು, ಅದು ಹೇಗೆ ಕೆಲಸ ಮಾಡುವುದು, ಅದನ್ನು ಕಟ್ಟಿ ಅರ್ಧ ಶತಮಾನವಾದ ಮೇಲೆ ಯಾವ ತೊಡಕು ತಲೆದೋರಿತು, ಎಂಬ ಮೂರು ವಿಷಯಗಳನ್ನು ನಾವು ಇಲ್ಲಿ ವಿಚಾರಮಾಡೋಣ.

ವಾಷಿಟ ಎಂಬ ನದಿಯು ಟೆಕ್ಸಾಸ್ ಸಂಸ್ಥಾನದ ಉತ್ತರದ ಮೂಲೆಯಲ್ಲಿ ಹುಟ್ಟಿ, ಓಕ್ಲಹೋಮವನ್ನು ಪಶ್ಚಿಮದಿಂದ ಆಗ್ನೇಯಕ್ಕೆ ಹಾದು, ಕೆಂಪು ನದಿಯನ್ನು ಸೇರುತ್ತದೆ. ಇದರ ಮೇಲುಭಾಗದ ಸೀಮೆಯು ಏರುತಗ್ಗುಗಳಿಂದ ಕೂಡಿದ ಕೆಂಪು ಮಣ್ಣಿನ ನೆಲ. ಒಂದು ಕಾಲಕ್ಕೆ ಇದೆಲ್ಲವೂ ಹುಲ್ಲುಗಾವಲಾಗಿದ್ದಿತು. ಅಲ್ಲಿ ಷೈಯೆನ್ ಮತ್ತು ಅರಾಪಹೊ ಎಂಬ ಮೂಲನಿವಾಸಿ ಜನಾಂಗಗಳು ನೆಲೆಸಿದ್ದವು. ೧೮೯೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಸರ್ಕಾರವು ಈ ಸೀಮೆಯನ್ನು ವಲಸೆಗಾರರಿಗೆ ತೆರೆಯಿತು. ನೇಗಿಲುಗಳು ಇಳಿದವು, ಶತಮಾನಗಳಿಂದ ಹೆಣೆದುಕೊಂಡಿದ್ದ ಹುಲ್ಲಿನ ಬೇರುಗಳು ಹರಿದವು, ಹತ್ತಿಯೂ ಗೋಧಿಯೂ ಬೆಳೆದವು. ಒಂದೆರಡು ತಲೆಮಾರುಗಳವರೆಗೆ ಫಲವೂ ಬಂದಿತು. ಆದರೆ ಹುಲ್ಲಿನ ಹಚ್ಚಡವನ್ನು ಕಳೆದುಕೊಂಡ ನೆಲವು ಮಳೆಯ ಹೊಡೆತವನ್ನು ತಾಳಲಾರದೆ ಹೋಯಿತು. ಮೇಲುಮಣ್ಣು ಕರಗಿ ಹಳ್ಳಗಳಿಗೆ ಇಳಿಯಿತು. ಹಳ್ಳಗಳ ಪಾತ್ರಗಳು ಹೂಳಿನಿಂದ ತುಂಬಿದವು. ಮೊದಲು ದಡದೊಳಗೇ ಹರಿದುಹೋಗುತ್ತಿದ್ದ ನೀರು ಈಗ ಸಾಧಾರಣ ಮಳೆಗೂ ಉಕ್ಕಿ ಪಕ್ಕದ ತಗ್ಗುಭೂಮಿಗೆ ನುಗ್ಗತೊಡಗಿತು. ಆ ತಗ್ಗುಭೂಮಿಯೇ ಆ ಸೀಮೆಯಲ್ಲಿ ಅತ್ಯಂತ ಫಲವತ್ತಾದ ನೆಲವೆಂಬುದನ್ನು ಇಲ್ಲಿ ನೆನೆಯಬೇಕು.

೧೯೩೪ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಈ ಸೀಮೆಯ ಹ್ಯಾಮನ್ ಎಂಬ ಸಣ್ಣ ಊರಿನ ಸುತ್ತ ಕೆಲವೇ ಗಂಟೆಗಳೊಳಗೆ ಒಂದು ಅಡಿಗೂ ಮಿಕ್ಕಿ ಮಳೆ ಸುರಿಯಿತು. ವಾಷಿಟ ಉಕ್ಕಿತು; ೧೭ ಮಂದಿ ಮಡಿದರು. ಅದೇ ವರ್ಷಗಳಲ್ಲಿ ಅದೇ ಪ್ರಾಂತದ ಮೇಲೆ ಧೂಳಿನ ಬಿರುಗಾಳಿಗಳು ಎದ್ದು ಹಗಲನ್ನು ಕತ್ತಲೆ ಮಾಡುತ್ತಿದ್ದವೆಂಬುದು ಲೋಕಪ್ರಸಿದ್ಧವಾದ ಸಂಗತಿ. ನೀರಿಲ್ಲದಾಗ ಮಣ್ಣು ಗಾಳಿಯ ಪಾಲು, ನೀರು ಬಂದಾಗ ಹೊಳೆಯ ಪಾಲು. ಇವೆರಡೂ ಬೇರೆ ಬೇರೆ ವಿಪತ್ತುಗಳಂತೆ ಕಂಡರೂ ಮೂಲವು ಒಂದೇ.

ಈ ಮೂಲವನ್ನು ತಮ್ಮ ದೇಶದವರಿಗೆ ಬಿಡದೆ ಸಾರಿದವರಲ್ಲಿ ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಭೂವಿಜ್ಞಾನ ಪಂಡಿತರು ಮುಖ್ಯರು. ೧೯೩೫ರಲ್ಲಿ ಅಮೆರಿಕದ ಸರ್ಕಾರವು ಭೂಸಂರಕ್ಷಣೆಯ ಇಲಾಖೆಯನ್ನು ಸ್ಥಾಪಿಸಿ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದುಗಳನ್ನು ಹಾಕುವುದು, ಕೊರಕಲು ಬಿದ್ದ ನೆಲಕ್ಕೆ ಮತ್ತೆ ಹುಲ್ಲನ್ನು ಹತ್ತಿಸುವುದು, ಇವು ಆ ಇಲಾಖೆಯ ಉಪಾಯಗಳು. ಪ್ರವಾಹವು ಹುಟ್ಟುವುದು ದೊಡ್ಡ ನದಿಯಲ್ಲಲ್ಲ, ಮಳೆಯ ಹನಿ ಬಿದ್ದ ಹೊಲದಲ್ಲಿ, ಎಂಬುದು ಈ ಪಂಥದವರ ಸಿದ್ಧಾಂತ. ಆದರೆ ಒಂದು ರಾತ್ರಿಯಲ್ಲಿ ಅಡಿಗಟ್ಟಲೆ ಸುರಿಯುವ ಮಳೆಯನ್ನು ಬದುಗಳು ಮಾತ್ರವೇ ತಡೆಯಲಾರವಷ್ಟೆ. ಆದುದರಿಂದ ಹೊಲದ ಬದುವಿಗೂ ದೊಡ್ಡ ನದಿಯ ಮಹಾ ಅಣೆಕಟ್ಟೆಗೂ ನಡುವೆ ಮತ್ತೊಂದು ಮೆಟ್ಟಲು ಬೇಕಾಯಿತು. ಆ ಮೆಟ್ಟಲೇ ಸಣ್ಣ ಮಣ್ಣಿನ ಕಟ್ಟೆ.

೧೯೪೪ರ ಡಿಸೆಂಬರಿನಲ್ಲಿ ಆದ ಪ್ರವಾಹನಿಯಂತ್ರಣದ ಕಾನೂನು ಈ ಕೆಲಸಕ್ಕಾಗಿ ೧೧ ನದೀಪ್ರದೇಶಗಳನ್ನು ಆರಿಸಿತು, ವಾಷಿಟ ಅವುಗಳಲ್ಲೊಂದು. ಅದರ ಮೇರೆಗೆ ಕಟ್ಟಿದ ಮೊದಲನೆಯ ಕಟ್ಟೆ ೧೯೪೮ರ ಜುಲೈ ತಿಂಗಳಲ್ಲಿ ಓಕ್ಲಹೋಮದ ಕಾರ್ಡೆಲ್ ಎಂಬ ಊರಿನ ಬಳಿ, ಕ್ಲೌಡ್ ಕ್ರೀಕ್ ಎಂಬ ಹಳ್ಳದ ಮೇಲೆ ಮುಗಿಯಿತು. ಅದೇ ಸೀಮೆಯ ಸ್ಯಾಂಡ್‌ಸ್ಟೋನ್ ಕ್ರೀಕ್ ಎಂಬ ಹಳ್ಳದ ನೀರು ಹರಿದುಬರುವ ಪ್ರದೇಶವೆಲ್ಲವನ್ನೂ ಒಂದೇ ಯೋಜನೆಯಾಗಿ ಹಿಡಿದು, ಅದರ ಕವಲುಗಳ ಮೇಲೆ ೨೪ ಕಟ್ಟೆಗಳನ್ನು ಹಾಕಿದರು. ೧೯೫೪ರಲ್ಲಿ ಮತ್ತೊಂದು ಕಾನೂನು ಈ ಪದ್ಧತಿಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಎರಡೂವರೆ ಲಕ್ಷ ಎಕರೆಗೆ ಮೀರದ ಪ್ರದೇಶಗಳಿಗೆ ಮಾತ್ರ ಅದು ಅನ್ವಯಿಸುವುದು. ಕಟ್ಟುವ ವೆಚ್ಚದ ಬಹುಭಾಗ ಕೇಂದ್ರ ಸರ್ಕಾರದ್ದು. ಜಮೀನನ್ನು ಒದಗಿಸುವುದು, ಮುಂದೆ ಕಟ್ಟೆಯನ್ನು ಕಾಪಾಡುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಈ ಕೊನೆಯ ಮಾತನ್ನು ಮರೆಯದಿರೋಣ. ಮುಂದೆ ಇದರ ಪ್ರಸ್ತಾಪ ಬರುವುದು.

ಈಗ ಕಟ್ಟೆಯ ಅಂಗಗಳನ್ನು ನೋಡೋಣ. ನಮ್ಮ ಕೆರೆಗೆ ಮುಖ್ಯವಾಗಿ ಮೂರು ಅಂಗಗಳು: ಏರಿ, ತೂಬು, ಕೋಡಿ. ಈ ಕಟ್ಟೆಗೂ ಅವೇ ಮೂರು. ಆದರೆ ಗುರಿ ಬೇರೆಯಾದುದರಿಂದ ಅವುಗಳ ನಡತೆಯೂ ಬೇರೆ.

ನಮ್ಮ ಕೆರೆಯ ತೂಬಿಗೆ ಮುಚ್ಚುವ ಉಪಾಯವುಂಟು. ಅದನ್ನು ನೋಡಿಕೊಳ್ಳಲು ನೀರುಗಂಟಿಯುಂಟು. ಬೆಳೆಗೆ ಬೇಕಾದಾಗ ತೆಗೆಯುವನು, ಬೇಡವಾದಾಗ ಮುಚ್ಚುವನು. ಈ ಕಟ್ಟೆಯಲ್ಲಾದರೋ ಪ್ರವಾಹವನ್ನು ಬಿಡುವ ತೂಬು ಸದಾ ತೆರೆದಿರುವುದು. ನೀರಿನ ನಡುವೆ ಕಾಂಕ್ರೀಟಿನ ಗೋಪುರವೊಂದು ನಿಂತಿರುತ್ತದೆ. ನೀರು ಅದರ ಬಾಯಿಯ ಮಟ್ಟಕ್ಕೆ ಏರಿದೊಡನೆ ಒಳಗೆ ಧುಮುಕಿ, ಏರಿಯ ಬುಡದಲ್ಲಿ ಹಾಸಿದ ಕೊಳವೆಯ ಮೂಲಕ ಆಚೆಯ ಹಳ್ಳವನ್ನು ಸೇರುತ್ತದೆ. ಯಾರೂ ಬಂದು ಏನನ್ನೂ ತಿರುಗಿಸಬೇಕಾದುದಿಲ್ಲ. ಇದಕ್ಕೆ ಕಾರಣವು ಸ್ಪಷ್ಟ. ಸಣ್ಣ ಹಳ್ಳದ ಪ್ರವಾಹವು ಮಳೆಯಾದ ಒಂದೆರಡು ಗಂಟೆಗಳೊಳಗೆ ಬಂದುಬಿಡುವುದು. ಅದು ನಡುರಾತ್ರಿಯಲ್ಲಿಯೂ ಬರಬಹುದು. ಆ ಹೊತ್ತಿನಲ್ಲಿ ನಿರ್ಜನವಾದ ಕಣಿವೆಗೆ, ಮುಳುಗಿದ ದಾರಿಯಲ್ಲಿ ಯಾರು ಬರಬೇಕು? ಆದುದರಿಂದ ಕೆಲಸವನ್ನು ಮನುಷ್ಯನ ಜಾಗರೂಕತೆಗೆ ಬಿಡದೆ ಕೊಳವೆಯ ಅಳತೆಗೇ ಒಪ್ಪಿಸಿದ್ದಾರೆ.

ಕಟ್ಟೆಯ ಹಿಂದಿನ ಅಂಗಳವನ್ನು ಮೂರು ಅಂತಸ್ತಿನ ಉಗ್ರಾಣವೆಂದು ಭಾವಿಸಬಹುದು. ಎಲ್ಲಕ್ಕಿಂತ ಕೆಳಗಿನದು ಹೂಳಿನ ಅಂತಸ್ತು. ಗೋಪುರದ ಬಾಯಿಯಿಂದ ಕೆಳಗಿರುವ ಈ ಭಾಗದಲ್ಲಿ ಸಣ್ಣ ಕೊಳದಂತೆ ನೀರು ನಿಂತಿರುವುದು. ದನಗಳು ಕುಡಿಯುವುವು, ಮೀನು ಬೆಳೆಯುವುದು. ಆದರೆ ಇದನ್ನು ಬಿಟ್ಟಿರುವುದು ನೀರಿಗಾಗಿಯಲ್ಲ, ಮುಂದೆ ಬಂದು ಸೇರುವ ಹೂಳಿಗಾಗಿ. ಅನೇಕ ಕಟ್ಟೆಗಳಲ್ಲಿ ೫೦ ವರ್ಷಗಳ ಹೂಳಿಗೆ ಸಾಲುವಂತೆ ಇದನ್ನು ಲೆಕ್ಕಹಾಕಿದ್ದರು. ಅದರ ಮೇಲಿನದು ಪ್ರವಾಹದ ಅಂತಸ್ತು. ಇದೇ ಕಟ್ಟೆಯ ಜೀವಾಳ. ಇದು ವರ್ಷದ ಬಹುಭಾಗ ಬರಿದಾಗಿ, ಹುಲ್ಲುಗಾವಲಾಗಿ ಇರುವುದು. ಮಳೆಯ ನೀರು ಬಂದು ತುಂಬಿ, ಸುಮಾರು ಹತ್ತು ದಿನಗಳೊಳಗೆ ಬರಿದಾಗಬೇಕೆಂಬುದು ನಿಯಮ; ಏಕೆಂದರೆ ಎರಡನೆಯ ಮಳೆ ಮೊದಲನೆಯದರ ಬೆನ್ನಿಗೇ ಬರಬಹುದು. ತುಂಬಿದ ಕಟ್ಟೆಯು ಪ್ರವಾಹದೆದುರಿಗೆ ಇದ್ದೂ ಇಲ್ಲದಂತೆ. ಮೂರನೆಯದು ಕೋಡಿಯ ಮಟ್ಟದಿಂದ ಏರಿಯ ತಲೆಯವರೆಗಿನ ಭಾಗ. ಇದು ಆಪತ್ಕಾಲಕ್ಕೆ ಮೀಸಲು.

ಒಂದು ಲೆಕ್ಕವನ್ನು ಮಾಡಿದರೆ ಈ ಏರ್ಪಾಟಿನ ಬಲವು ಮನದಟ್ಟಾಗುವುದು. ನಾಲ್ಕು ಚದರ ಮೈಲಿಯ ನೀರು ಒಂದು ಹಳ್ಳಕ್ಕೆ ಹರಿದುಬರುವುದೆಂದು ಇಟ್ಟುಕೊಳ್ಳೋಣ. ದೊಡ್ಡ ಮಳೆಯೊಂದರಲ್ಲಿ ನೆಲವು ಕುಡಿದು ಮಿಕ್ಕ ನೀರು ಮೂರು ಅಂಗುಲದಷ್ಟಾಯಿತೆನ್ನೋಣ. ಅದು ಒಟ್ಟು ೬೪೦ ಎಕರೆ ನೆಲದ ಮೇಲೆ ಒಂದು ಅಡಿ ಆಳ ನಿಲ್ಲುವಷ್ಟು ನೀರು. ಕಟ್ಟೆಯಿಲ್ಲದಿದ್ದರೆ ಇದು ಮೂರು ಗಂಟೆಗಳೊಳಗೆ ಇಳಿದುಹೋಗುವುದೆಂದರೆ, ಸರಾಸರಿ ಸೆಕೆಂಡಿಗೆ ೨,೫೮೦ ಘನ ಅಡಿಯಂತೆ ಹರಿಯಬೇಕು. ನಡುವಿನ ಉಬ್ಬರವು ಇದಕ್ಕೂ ಹೆಚ್ಚು. ಇದೇ ನೀರನ್ನು ಕಟ್ಟೆಯು ಹಿಡಿದು, ಎರಡೂವರೆ ಅಡಿ ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ೫೦ ಘನ ಅಡಿಯಂತೆ ಬಿಟ್ಟರೆ, ಬರಿದಾಗಲು ಸುಮಾರು ಆರೂವರೆ ದಿನ ಹಿಡಿಯುವುದು. ನೀರಿನ ಒಂದು ಹನಿಯೂ ಕಡಮೆಯಾಗಲಿಲ್ಲ. ಕಾಲವು ಮಾತ್ರ ಮೂರು ಗಂಟೆಯಿಂದ ಆರೂವರೆ ದಿನಕ್ಕೆ ಹಿಗ್ಗಿತು. ಮೊದಲನೆಯದು ಸೇತುವೆಯನ್ನು ಕೀಳುವ ಪ್ರವಾಹ. ಎರಡನೆಯದು ದಡದೊಳಗೆ ಹರಿಯುವ ಹಳ್ಳ. ಪ್ರವಾಹದ ಕೇಡು ನೀರಿನ ಮೊತ್ತದಲ್ಲಿರುವುದಕ್ಕಿಂತ ಅದರ ಆತುರದಲ್ಲಿರುವುದೆಂಬುದನ್ನು ಈ ಲೆಕ್ಕವು ತೋರಿಸುತ್ತದೆ.

ಇನ್ನು ಕೋಡಿಯ ವಿಚಾರ. ಕೊಳವೆಯ ಶಕ್ತಿಗೂ ಅಂಗಳದ ಅಳತೆಗೂ ಮೀರಿದ ಮಳೆ ಎಂದಾದರೊಮ್ಮೆ ಬಂದೇಬರುವುದು. ಆಗ ನೀರು ಏರಿಯ ತಲೆಯನ್ನು ಹತ್ತಿ ದುಮುಕಿದರೆ ಮಣ್ಣಿನ ಏರಿಯು ಉಳಿಯಲಾರದು. ಅದನ್ನು ತಪ್ಪಿಸಲು ಏರಿಯ ಒಂದು ತುದಿಯಲ್ಲಿ, ಗಟ್ಟಿನೆಲವನ್ನು ಅಗಲವಾಗಿ ಕಡಿದು, ಹುಲ್ಲು ಬೆಳೆಸಿ, ಕೋಡಿಯನ್ನು ಮಾಡಿರುವರು. ನಮ್ಮ ಕೆರೆಗಳ ಕೋಡಿಯಂತೆ ಇದಕ್ಕೆ ಕಲ್ಲುಕಟ್ಟಡವಿರುವುದು ಅಪರೂಪ. ಹುಲ್ಲೇ ಇದರ ಕವಚ. ಓಕ್ಲಹೋಮದ ಸ್ಟಿಲ್‌ವಾಟರ್ ಎಂಬಲ್ಲಿ ೧೯೪೦ರ ದಶಕದಿಂದ ಬಯಲಿನಲ್ಲೇ ಕಾಲುವೆಗಳನ್ನು ತೋಡಿ, ಬಗೆಬಗೆಯ ಹುಲ್ಲುಗಳನ್ನು ಬೆಳೆಸಿ, ಅವುಗಳ ಮೇಲೆ ರಭಸದಿಂದ ನೀರು ಹಾಯಿಸಿ, ಯಾವ ಹುಲ್ಲು ಎಷ್ಟು ವೇಗವನ್ನು ತಡೆಯುವುದೆಂದು ಅಳೆದಿರುವರು. ಈ ಪರೀಕ್ಷೆಯಲ್ಲಿ ಬಹಳ ಗಟ್ಟಿಯೆಂದು ತೇರ್ಗಡೆಯಾದ ಹುಲ್ಲುಗಳಲ್ಲೊಂದನ್ನು ಅವರು ಬರ್ಮೂಡ ಹುಲ್ಲೆಂದು ಕರೆಯುವರು. ಅದು ಬೇರೆ ಯಾವುದೂ ಅಲ್ಲ. ನಾವು ಗಣಪತಿಗೆ ಏರಿಸುವ ಗರಿಕೆಯೇ.

ಇಂಥ ಕಟ್ಟೆಗಳಿಂದ ಸರ್ವವೂ ಸಾಧ್ಯವೆಂದು ಅದನ್ನು ಮೆಚ್ಚಿದವರಲ್ಲಿ ಕೆಲವರು ಹೇಳಿದ್ದುಂಟು. ೧೯೫೦ರ ಸುಮಾರಿನಲ್ಲಿ ಅಮೆರಿಕದಲ್ಲಿ ದೊಡ್ಡ ಕಟ್ಟೆ ಲೇಸೋ ಸಣ್ಣ ಕಟ್ಟೆ ಲೇಸೋ ಎಂಬ ದೊಡ್ಡ ವಾಗ್ವಾದವೇ ನಡೆಯಿತು. ೧೯೫೪ರಲ್ಲಿ ಲೂನ ಲಿಯೊಪೋಲ್ಡ್ ಮತ್ತು ಥಾಮಸ್ ಮ್ಯಾಡಕ್ ಎಂಬ ವಿದ್ವಾಂಸರು ಈ ವಿವಾದವನ್ನೇ ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಎರಡು ಪಕ್ಷಗಳ ವಾದವನ್ನೂ ತೂಗಿನೋಡಿದರು. ಇಲ್ಲಿನ ತತ್ತ್ವವು ಕಷ್ಟವಾದುದಲ್ಲ. ಸಣ್ಣ ಕಟ್ಟೆಯು ತನ್ನ ಬುಡದಲ್ಲಿರುವ ಹೊಲಕ್ಕೆ ಹೆಚ್ಚಿನ ರಕ್ಷಣೆಯನ್ನು ಕೊಡುವುದು. ಕೆಳಕೆಳಗೆ ಹೋದಂತೆ, ಕಟ್ಟೆಯಿಲ್ಲದ ಬೇರೆ ಹಳ್ಳಗಳ ನೀರು ಬಂದು ಸೇರಿ, ಆ ರಕ್ಷಣೆಯು ತೆಳುವಾಗುತ್ತ ಹೋಗುವುದು. ನೂರಾರು ಮೈಲಿ ಕೆಳಗಿರುವ ನಗರವನ್ನು ಇದು ಕಾಯಲಾರದು. ಹಾಗೆಯೇ ನಗರದ ಬಳಿಯ ದೊಡ್ಡ ಅಣೆಕಟ್ಟೆಯು ಮೇಲಿನ ರೈತನ ಹೊಲವನ್ನು ಕಾಯಲಾರದು. ಒಂದು ಮತ್ತೊಂದಕ್ಕೆ ಪರ್ಯಾಯವಲ್ಲ. ಒಂದೊಂದಕ್ಕೂ ಅದರದರ ಎಲ್ಲೆಯುಂಟು.

ಆ ಎಲ್ಲೆಯೊಳಗೆ ಇವು ಸಲ್ಲಿಸಿದ ಸೇವೆಯನ್ನು ಅಲ್ಲಗಳೆಯುವಂತಿಲ್ಲ. ೨೦೧೫ರ ಮೇ ತಿಂಗಳು ಓಕ್ಲಹೋಮದ ದಾಖಲೆಗಳಲ್ಲೇ ಅತ್ಯಂತ ಹೆಚ್ಚು ಮಳೆ ಸುರಿದ ತಿಂಗಳು. ಸಂಸ್ಥಾನದ ಸರಾಸರಿಯೇ ೧೪ ಅಂಗುಲವನ್ನು ಮೀರಿತು. ಆ ತಿಂಗಳಲ್ಲಿ ಈ ಕಟ್ಟೆಗಳು ತುಂಬಿ, ಬರಿದಾಗಿ, ಮತ್ತೆ ತುಂಬಿದವು. ಹೀಗೆ ಬಾರದೆ ಹೋದ ಪ್ರವಾಹವು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಚ್ಚಿಹೋಗದೆ ಉಳಿದ ಸೇತುವೆಯು ಸುದ್ದಿಯಾಗುವುದಿಲ್ಲ. ಈ ಕಟ್ಟೆಗಳ ಮುಖ್ಯವಾದ ದೌರ್ಬಲ್ಯವು ಇಲ್ಲಿಂದಲೇ ಹುಟ್ಟುವುದು. ಆದರೆ ಅದನ್ನು ಹೇಳುವುದಕ್ಕೆ ಮುಂಚೆ ಮಣ್ಣಿನ ಗುಣವನ್ನು ಕುರಿತು ಒಂದೆರಡು ಮಾತುಗಳನ್ನು ಆಡಬೇಕು.

ಮಣ್ಣಿನ ಏರಿಯೆಂದರೆ ಮಣ್ಣನ್ನು ಸುರಿದ ಗುಡ್ಡೆಯಲ್ಲ. ಮಣ್ಣು ತೀರ ಒಣಗಿದ್ದರೆ ಕೂಡಿಕೊಳ್ಳುವುದಿಲ್ಲ. ತೀರ ಒದ್ದೆಯಾದರೆ ತುಳಿದಷ್ಟೂ ಜಾರುವುದು. ನಡುವಣ ಒಂದು ಹದದಲ್ಲಿ ಮಾತ್ರ ಅದು ಅತ್ಯಂತ ಗಟ್ಟಿಯಾಗಿ ಕೂರುವುದು. ಆ ಹದವನ್ನು ಪ್ರಯೋಗದಿಂದ ಗೊತ್ತುಮಾಡುವ ವಿಧಾನವನ್ನು ಕ್ಯಾಲಿಫೋರ್ನಿಯದ ಇಂಜಿನಿಯರು ರಾಲ್ಫ್ ಪ್ರಾಕ್ಟರ್ ಎಂಬವರು ೧೯೩೩ರಲ್ಲಿ ಪ್ರಕಟಿಸಿದರು. ಅಂದಿನಿಂದ ಏರಿಯನ್ನು ಕೆಲವು ಅಂಗುಲಗಳ ಪದರುಪದರಾಗಿ ಹರಡಿ, ಕುರಿಯ ಗೊರಸಿನ ಹೆಸರನ್ನೇ ಹೊತ್ತ ಮುಳ್ಳುರುಳೆಯಿಂದ ತುಳಿಸಿ, ಪದರಪದರವನ್ನೂ ಪರೀಕ್ಷಿಸಿ ಮೇಲಕ್ಕೇರಿಸುವುದು ವಾಡಿಕೆಯಾಯಿತು.

ಹೀಗೆ ಕಟ್ಟಿದ ಏರಿಗೂ ಶತ್ರುಗಳುಂಟು. ಮೊದಲನೆಯದು ತಲೆಯ ಮೇಲೆ ಹರಿಯುವ ನೀರು. ಇದನ್ನು ಆಗಲೇ ಹೇಳಿದೆವು. ಎರಡನೆಯದು ಒಡಲೊಳಗೆ ಹರಿಯುವ ನೀರು. ಯಾವ ಏರಿಯೂ ಸ್ವಲ್ಪವಾದರೂ ಜಿನುಗದೆ ಇರದು. ತಿಳಿಯಾದ ಜಿನುಗಿಗೆ ಅಷ್ಟು ಭಯವಿಲ್ಲ. ಜಿನುಗುವ ನೀರು ಬಗ್ಗಡವಾಯಿತೆಂದರೆ ಅದು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆಯೆಂದು ಅರ್ಥ. ಆಗ ಒಳಗೆ ಬಿಲವೊಂದು ಹುಟ್ಟಿ, ಹಿಂದುಹಿಂದಕ್ಕೆ ಬೆಳೆದು, ನೀರಿನ ಅಂಗಳವನ್ನು ಮುಟ್ಟುವುದು. ಮುಂದೆ ಏರಿಯು ಒಡೆಯಲು ಗಂಟೆಗಳು ಸಾಕು.

ಓಕ್ಲಹೋಮ ಮತ್ತು ಮಿಸಿಸಿಪ್ಪಿ ಸಂಸ್ಥಾನಗಳಲ್ಲಿ ಕೆಲವು ಕಟ್ಟೆಗಳು ಒಳ್ಳೆಯ ಜೇಡಿಮಣ್ಣಿನಿಂದ, ಕ್ರಮವಾಗಿ ಕಟ್ಟಿದ್ದರೂ, ಮೊದಲನೆಯ ಸಲ ತುಂಬಿದಾಗಲೇ ಹೀಗೆ ಒಳಗಿನಿಂದ ಕೊರೆದುಹೋದವು. ಜೇಮ್ಸ್ ಶೆರಾರ್ಡ್ ಎಂಬ ಇಂಜಿನಿಯರೂ ಅವರ ಜೊತೆಗಾರರೂ ಇದನ್ನು ಶೋಧಿಸಿ ೧೯೭೨ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಆ ಜೇಡಿಯಲ್ಲಿ ಸೋಡಿಯಂ ಲವಣಾಂಶವು ಹೆಚ್ಚಾಗಿದ್ದಿತು. ಇಂಥ ಜೇಡಿಯ ಕಣಗಳು ಒಂದನ್ನೊಂದು ಹಿಡಿದುಕೊಂಡಿರದೆ, ಶುದ್ಧ ನೀರು ತಗುಲಿದೊಡನೆ ಹಾಲಿನಂತೆ ಕದಡಿ ತೇಲಿಹೋಗುವುವು. ನಮ್ಮ ಚೌಳು ಭೂಮಿಗಳಲ್ಲಿಯೂ ಈ ಲವಣದ ಹಾವಳಿಯುಂಟೆಂಬುದನ್ನು ಬಲ್ಲವರು ಬಲ್ಲರು. ಇದನ್ನು ಗುರುತಿಸಲು ಶೆರಾರ್ಡರು ಸುಲಭವಾದ ಪರೀಕ್ಷೆಯೊಂದನ್ನು ಬಳಕೆಗೆ ತಂದರು: ಮಣ್ಣಿನ ಮುದ್ದೆಯಲ್ಲಿ ಸೂಜಿಯ ದಪ್ಪದ ರಂಧ್ರವನ್ನು ಮಾಡಿ, ಬಟ್ಟಿಯಿಳಿಸಿದ ನೀರನ್ನು ಹಾಯಿಸುವುದು. ಒಳ್ಳೆಯ ಜೇಡಿಯಾದರೆ ನೀರು ತಿಳಿಯಾಗಿಯೇ ಬರುವುದು. ಕೆಟ್ಟದಾದರೆ ಬಗ್ಗಡವಾಗಿ ಬಂದು ರಂಧ್ರವು ಅಗಲವಾಗುವುದು. ಇದಕ್ಕೆ ಪರಿಹಾರವು ಏರಿಯ ಒಳಗೆ, ಮುಖ್ಯವಾಗಿ ಕೊಳವೆಯ ಸುತ್ತ, ಸೋಸಿದ ಮರಳಿನ ಪದರವನ್ನಿಡುವುದು. ಮರಳು ನೀರನ್ನು ಬಿಡುವುದು, ಮಣ್ಣನ್ನು ತಡೆಯುವುದು. ಹಿಂದೆ ಕೊಳವೆಗೆ ಕಾಂಕ್ರೀಟಿನ ಪಟ್ಟಿಗಳನ್ನು ಸುತ್ತುತ್ತಿದ್ದರು. ೧೯೮೦ರ ದಶಕದಿಂದ ಅದನ್ನು ಬಿಟ್ಟು ಮರಳನ್ನೇ ನಂಬಿದ್ದಾರೆ.

ಮೂರನೆಯ ಶತ್ರುವು ನೋಡಲು ಚೆಲುವಾದುದು: ಏರಿಯ ಮೇಲೆ ತಾನಾಗಿ ಬೆಳೆದ ಮರ. ಅದು ನಿಂತಿರುವಾಗ ಬೇರುಗಳು ಏರಿಯನ್ನು ಸೀಳುವುವು. ಸತ್ತಮೇಲೆ ಕೊಳೆತ ಬೇರಿನ ಜಾಗವು ನೀರಿಗೆ ದಾರಿಯಾಗುವುದು. ಬಿಲ ತೋಡುವ ಪ್ರಾಣಿಗಳೂ ಇದೇ ಕೆಲಸವನ್ನು ಮಾಡುವುವು. ಆದುದರಿಂದ ಮೋಟಾದ ಹುಲ್ಲಿನ ಹೊರತು ಬೇರೆ ಯಾವುದನ್ನೂ ಏರಿಯ ಮೇಲೆ ಬೆಳೆಯಗೊಡಬಾರದು. ಇದಕ್ಕೆ ಬೇಕಾದುದು ದೊಡ್ಡ ವಿದ್ಯೆಯಲ್ಲ. ವರ್ಷವರ್ಷವೂ ತಪ್ಪದ ನಿಗಾ.

ಈ ನಿಗಾ ಎಲ್ಲಿಂದ ಬರಬೇಕು? ನಮ್ಮ ಊರಿನ ಕೆರೆಯಾದರೆ ಏರಿಯಲ್ಲಿ ಬಿರುಕು ಬಿಟ್ಟರೆ ಅಚ್ಚುಕಟ್ಟಿನ ರೈತನಿಗೆ ಒಡನೆಯೇ ಕಳವಳ. ಅವನ ಅನ್ನವು ಆ ನೀರಿನಲ್ಲಿದೆ. ಪ್ರವಾಹದ ಕಟ್ಟೆಗಾದರೋ ಅಂಥ ಅಚ್ಚುಕಟ್ಟಿಲ್ಲ. ಅದು ಕೊಡುವುದು ನೀರನ್ನಲ್ಲ, ಕೇಡಿನ ಅಭಾವವನ್ನು. ಮೇಲಿನ ರೈತನು ತನ್ನ ಹೊಲದಲ್ಲಿ ಕೆಲವು ದಿನ ನೀರು ನಿಲ್ಲಲೆಂದು ಒಪ್ಪಿ ಭೂಮಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿರುವನು, ಲಾಭವು ಕೆಳಗಿನವನದು. ಕೆಳಗಿನವನಿಗೆ ಕಟ್ಟೆಯು ಇದೆಯೆಂಬುದೇ ಎರಡನೆಯ ತಲೆಮಾರಿಗೆ ಮರೆತುಹೋಗುವುದು. ಹಳ್ಳವು ಉಕ್ಕುತ್ತಿದ್ದ ಕಾಲವನ್ನು ಕಂಡ ಹಿರಿಯರು ತೀರಿಕೊಂಡರು. ಉಕ್ಕದ ಹಳ್ಳವನ್ನೇ ಕಂಡ ಮಕ್ಕಳು ಅದು ಹುಟ್ಟಾ ಸಾಧುವೆಂದು ತಿಳಿದರು. ಕಟ್ಟೆಯು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅದರ ನೆನಪು ಅಳಿಯಿತು.

ಇಲ್ಲಿಯೇ ತೊಡಕು ಹುಟ್ಟಿತು. ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಕಟ್ಟಿದಾಗ ಅನೇಕ ಕಟ್ಟೆಗಳ ಕೆಳಗೆ ಹೊಲಗಳಲ್ಲದೆ ಮತ್ತೇನೂ ಇರಲಿಲ್ಲ. ಕಟ್ಟೆ ಒಡೆದರೆ ಬೆಳೆ ಹೋದೀತು, ಬೇಲಿ ಹೋದೀತು, ಜೀವ ಹೋಗಲಾರದು. ಆದುದರಿಂದ ಇಂಥದನ್ನು ಕಡಮೆ ಅಪಾಯದ ದರ್ಜೆಗೆ ಸೇರಿಸಿ, ಅದಕ್ಕೆ ತಕ್ಕಷ್ಟೇ ಅಗಲದ ಕೋಡಿಯನ್ನಿಟ್ಟು, ಮಿತವಾದ ವೆಚ್ಚದಲ್ಲಿ ಕಟ್ಟಿದರು. ಇದು ಅಂದಿಗೆ ನ್ಯಾಯವಾದ ಮಿತವ್ಯಯವೇ. ಆದರೆ ಊರುಗಳು ಬೆಳೆದವು. ಪ್ರವಾಹವಿಲ್ಲದ ತಗ್ಗು, ಹಳ್ಳದ ನೋಟ, ಮಟ್ಟವಾದ ನೆಲ, ಇವು ಮನೆಗಳನ್ನು ಸೆಳೆದವು. ಕಟ್ಟೆಯ ಕೆಳಗೆ ಬಡಾವಣೆಗಳು ಎದ್ದವು, ಶಾಲೆಗಳು ಬಂದವು, ರಸ್ತೆಗಳು ಹಾದವು. ಕಟ್ಟೆಯು ಇದ್ದಲ್ಲಿಯೇ ಇದ್ದಿತು. ಅದರ ಒಂದು ಬುಟ್ಟಿ ಮಣ್ಣೂ ಬದಲಾಗಲಿಲ್ಲ. ಆದರೂ ಅದು ಕಡಮೆ ಅಪಾಯದ ದರ್ಜೆಯಿಂದ ಹೆಚ್ಚು ಅಪಾಯದ ದರ್ಜೆಗೆ ಏರಿತು. ಹೆಚ್ಚು ಅಪಾಯವೆಂದರೆ ಕಟ್ಟೆಯು ಶಿಥಿಲವಾಗಿದೆಯೆಂದು ಅರ್ಥವಲ್ಲ. ಒಡೆದರೆ ಮನುಷ್ಯರು ಸಾಯುವರೆಂದು ಅರ್ಥ. ದರ್ಜೆಯನ್ನು ಬದಲಾಯಿಸಿದುದು ಇಂಜಿನಿಯರಲ್ಲ, ಕೆಳಗೆ ಮನೆ ಕಟ್ಟಿದವರು.

ಇದನ್ನು ತಡೆಯಬಹುದಾಗಿತ್ತಲ್ಲವೆ ಎಂದು ಕೇಳಬಹುದು. ಮುಂಚೆ ಹೇಳಿದ ಹೊಣೆಯ ಮಾತು ಇಲ್ಲಿಗೆ ಸಲ್ಲುವುದು. ಕಟ್ಟೆಯನ್ನು ಕಾಪಾಡುವ ಹೊಣೆಯು ಅನೇಕ ಕಡೆ ಭೂಸಂರಕ್ಷಣೆಯ ಸ್ಥಳೀಯ ಸಂಸ್ಥೆಗಳದು. ಮನೆ ಕಟ್ಟಲು ಅಪ್ಪಣೆ ಕೊಡುವ ಅಧಿಕಾರವು ಬೇರೆಯವರದು. ಹೊಣೆಯೊಂದು ಕೈಯಲ್ಲಿ, ಅಧಿಕಾರವೊಂದು ಕೈಯಲ್ಲಿ ಇದ್ದರೆ ನಡುವಣ ಸಂದಿನಲ್ಲಿ ನೀರು ನುಗ್ಗುವುದು. ಇದೇ ಹೊತ್ತಿಗೆ ೫೦ ವರ್ಷಗಳ ಆಯುಷ್ಯವೂ ಮುಗಿಯುತ್ತ ಬಂದಿತು. ಕೆಲವು ಹಳೆಯ ಕಟ್ಟೆಗಳ ಲೋಹದ ಕೊಳವೆಗಳು ತುಕ್ಕುಹಿಡಿದವು. ಕಾಂಕ್ರೀಟಿನ ಗೋಪುರಗಳು ಸವೆದವು. ಹೂಳಿನ ಅಂತಸ್ತು ಕೆಲವೆಡೆ ತುಂಬುತ್ತ ಬಂದಿತು.

ಸಣ್ಣ ಮಣ್ಣಿನ ಕಟ್ಟೆ ಎಷ್ಟು ಕೇಡು ಮಾಡಬಲ್ಲುದೆಂಬುದಕ್ಕೆ ಒಂದು ದುರಂತವು ಸಾಕ್ಷಿಯಾಗಿದೆ. ಅದು ಪ್ರವಾಹ ತಡೆಗೆ ಕಟ್ಟಿದ ಕಟ್ಟೆಯಲ್ಲ. ಆದರೆ ಗಾತ್ರದಲ್ಲಿ ಇವುಗಳಂಥದೇ. ಜಾರ್ಜಿಯ ಸಂಸ್ಥಾನದ ಟೊಕೋವ ಎಂಬ ಊರಿನ ಬಳಿಯ ಕೆಲ್ಲಿ ಬಾರ್ನ್ಸ್ ಕಟ್ಟೆ ಸುಮಾರು ೪೦ ಅಡಿ ಎತ್ತರದ್ದು. ೧೯೭೭ರ ನವೆಂಬರ್ ೬ರ ಮುಂಜಾವದಲ್ಲಿ, ಜನರು ನಿದ್ರಿಸುತ್ತಿದ್ದಾಗ, ಅದು ಒಡೆಯಿತು. ೩೯ ಮಂದಿ ಸತ್ತರು. ಆಮೇಲೆ ಅಮೆರಿಕದ ಸರ್ಕಾರವು ದೇಶದ ಅಪಾಯಕರವಾದ ಕಟ್ಟೆಗಳನ್ನು ಪರೀಕ್ಷಿಸುವ ಕೆಲಸವನ್ನು ಗಟ್ಟಿಯಾಗಿ ಕೈಗೊಂಡಿತು.

೨೦೦೦ದ ನವೆಂಬರಿನಲ್ಲಿ ಆದ ಕಾನೂನು ಹಳೆಯ ಪ್ರವಾಹಕಟ್ಟೆಗಳ ಜೀರ್ಣೋದ್ಧಾರಕ್ಕೆ ದಾರಿ ಮಾಡಿತು. ವೆಚ್ಚದಲ್ಲಿ ನೂರಕ್ಕೆ ೬೫ರಷ್ಟು ಕೇಂದ್ರ ಸರ್ಕಾರದ್ದು, ೩೫ರಷ್ಟು ಸ್ಥಳೀಯರದು. ಉಪಾಯಗಳು ಹಲವು: ಏರಿಯನ್ನು ಎತ್ತರಿಸಬಹುದು; ಕೋಡಿಯನ್ನು ಅಗಲಿಸಿ ಕಾಂಕ್ರೀಟು ಹಾಸಬಹುದು; ಗೋಪುರವನ್ನೂ ಕೊಳವೆಯನ್ನೂ ಹೊಸದಾಗಿ ಇಡಬಹುದು; ಕೆಳಗಿನ ಮನೆಗಳನ್ನು ಕೊಂಡು ತೆರವುಮಾಡಬಹುದು; ಬೇಡವಾದ ಕಟ್ಟೆಯನ್ನು ಕ್ರಮವಾಗಿ ಬಿಚ್ಚಿ ಹಳ್ಳವನ್ನು ಅದರ ಪಾಡಿಗೆ ಬಿಡಬಹುದು. ಇವುಗಳಲ್ಲಿ ಯಾವುದೂ ಅಗ್ಗವಲ್ಲ. ಮೊದಲೇ, ಕಟ್ಟೆ ಒಡೆದರೆ ನೀರು ಎಲ್ಲಿಯವರೆಗೆ ಹರಡುವುದೆಂಬ ನಕ್ಷೆಯನ್ನು ಬರೆದು, ಆ ಗೆರೆಯೊಳಗೆ ಮನೆ ಕಟ್ಟಗೊಡದಿದ್ದರೆ, ವೆಚ್ಚವು ಕಾಗದ ಮಸಿಗಳಷ್ಟೇ ಆಗುತ್ತಿದ್ದಿತು.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರಲಾಗದು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಅಂಗಳವು ಬಸ್ಸಿನ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವು ಎದ್ದಿತು. ಓಕ್ಲಹೋಮದವರು ಕಟ್ಟೆಯನ್ನು ಉಳಿಸಿಕೊಂಡು ಅದರ ಕೆಳಗಿನ ಜಾಗವನ್ನು ಮರೆತರು. ನಾವು ಕೆರೆಯನ್ನೇ ಮರೆತೆವು. ಎರಡರಲ್ಲಿಯೂ ಇರುವ ಭಾವನೆ ಒಂದೇ: ಇಂದು ನೀರು ಕಾಣದ ನೆಲದ ಮೇಲೆ ನೀರಿಗೆ ಹಕ್ಕಿಲ್ಲವೆಂಬುದು. ಮಳೆಗೆ ಈ ಕ್ರಯಪತ್ರಗಳು ಓದಲು ಬರುವುದಿಲ್ಲ.

ಆದುದರಿಂದ ನಿವೇಶನವನ್ನು ಕೊಳ್ಳುವಾಗ ದಿಕ್ಕನ್ನೂ ಬೆಲೆಯನ್ನೂ ವಿಚಾರಿಸುವ ನಾವು ಇನ್ನೂ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ಇಲ್ಲಿಂದ ಮೇಲೆ ನೀರು ನಿಲ್ಲುವ ಜಾಗ ಯಾವುದು? ಅದು ತುಂಬಿದರೆ ಯಾವ ದಾರಿಯಲ್ಲಿ ಇಳಿಯುವುದು? ಅದನ್ನು ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ಉತ್ತರ ಹೇಳುವವರು ಊರಿನಲ್ಲಿ ಇರುವವರೆಗೆ ಸಣ್ಣ ಕಟ್ಟೆಯು ತನ್ನ ಕೆಲಸವನ್ನು ಮಾಡುವುದು.